ದೇಶಕ್ಕೊಂದು ಮಾನವಶಾಸ್ತ್ರ

1961ರಲ್ಲಿ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದಿಂದ ಯುಕಿಮಾರು ಸುಗಿಯಾಮಾ ಎಂಬ ಯುವ ಸಂಶೋಧಕರು ಧಾರವಾಡಕ್ಕೆ ಬಂದರು. ಊರಾಚೆಯ ಕಾಡಂಚಿನಲ್ಲಿ ಓಡಾಡುತ್ತಿದ್ದ ಕರಿಮುಖದ ಮುಸುವಗಳ ಹಿಂಡುಗಳನ್ನು ಹಿಂಬಾಲಿಸಿ ಬರೆದಿಟ್ಟುಕೊಳ್ಳುವುದು ಅವರ ಕೆಲಸವಾಗಿತ್ತು. ಯಾವ ಹಿಂಡಿನಲ್ಲಿ ಎಷ್ಟು ಗಂಡು, ಎಷ್ಟು ಹೆಣ್ಣು, ಯಾವುದು ಯಾವುದರ ಮೈ ಹೆಕ್ಕುತ್ತದೆ, ಎರಡು ಹಿಂಡು ಎದುರಾದರೆ ಏನಾಗುತ್ತದೆ ಎಂಬುದನ್ನೆಲ್ಲ ಅವರು ಗಮನಿಸಿದರು. ಹೊರಗಿನ ಗಂಡುಗಳು ನುಗ್ಗಿ ಹಿಂಡಿನ ಯಜಮಾನನನ್ನು ಓಡಿಸಿದ ಮೇಲೆ, ಗೆದ್ದ ಗಂಡು ಎಳೆಮರಿಗಳನ್ನು ಕಚ್ಚಿ ಕೊಂದದ್ದೂ ಅವರ ಕಣ್ಣಿಗೆ ಬಿತ್ತು. 1965ರಲ್ಲಿ ಇದನ್ನು ಪ್ರಕಟಿಸಿದಾಗ ನಂಬಿದವರು ಕಡಿಮೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮಾನವಶಾಸ್ತ್ರ ವಿದ್ಯಾರ್ಥಿನಿ ಸಾರಾ ಹರ್ಡಿ ಮೌಂಟ್ ಅಬುವಿನ ಮುಸುವಗಳ ಬಗ್ಗೆ ಸಂಶೋಧನೆ ನಡೆಸಿ 1977ರಲ್ಲಿ ಪುಸ್ತಕ ತಂದ ಮೇಲೆ ಚರ್ಚೆ ಜಗತ್ತಿನೆಲ್ಲೆಡೆ ಹಬ್ಬಿತು. ಆ ಚರ್ಚೆಯ ಮೊದಲ ಪುಟ ಧಾರವಾಡದ್ದು.

ಸುಗಿಯಾಮಾ ಬರುವುದಕ್ಕೆ ಕೆಲವೇ ವರ್ಷ ಮೊದಲು, 1954ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯ ಸೀಮೆಯ ಎರಡು ಹಳ್ಳಿಗಳಲ್ಲಿ ಬಿಡಾರ ಹೂಡಿ ಕಬ್ಬಿನ ಲೆಕ್ಕ, ಕೂಲಿಯ ಲೆಕ್ಕ ಬರೆಯುತ್ತಿದ್ದರು. ಅದಕ್ಕೂ ಮುಂಚೆ, 1948ರಲ್ಲಿ, ಆಕ್ಸ್‌ಫರ್ಡ್‌ನಿಂದ ಮರಳಿದ ಮೈಸೂರಿನ ಎಂ.ಎನ್. ಶ್ರೀನಿವಾಸ್ ಹತ್ತಿರದ ಹಳ್ಳಿಯೊಂದರ ಮುಖ್ಯಸ್ಥರ ಎತ್ತಿನ ಮನೆಯಲ್ಲಿ ಉಳಿದುಕೊಂಡು ಊರಿನ ಜಗಳ, ಮದುವೆ, ಸುಗ್ಗಿಗಳನ್ನು ದಾಖಲಿಸಿದ್ದರು. ಮೂವರು ಬಂದದ್ದು ಮೂರು ವಿಶ್ವವಿದ್ಯಾಲಯಗಳಿಂದ. ಮೂವರ ವಿದ್ಯೆಗೂ ಮಾನವಶಾಸ್ತ್ರ ಎಂಬುದೇ ಹೆಸರು. ಆದರೆ ಒಬ್ಬರ ಪುಸ್ತಕದಲ್ಲಿ ಮುಸುವ, ಇನ್ನೊಬ್ಬರದರಲ್ಲಿ ಕಬ್ಬು, ಮತ್ತೊಬ್ಬರದರಲ್ಲಿ ಜಾತಿ.

ನಮ್ಮಲ್ಲಿ ಈ ವಿಷಯದ ಹೆಸರು ಹೆಚ್ಚು ಕೇಳಿಬರುವುದು ಯುಪಿಎಸ್‌ಸಿ ತರಬೇತಿ ಕೇಂದ್ರಗಳಲ್ಲಿ. ಪಠ್ಯಕ್ರಮ ಚಿಕ್ಕದು, ಅಂಕ ಬರುತ್ತದೆ ಎಂದು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳುವವರು ಬಹಳ. ಅಲ್ಲಿ ಟೈಲರ್, ಬೋವಾಸ್, ಮಲಿನೋವ್‌ಸ್ಕಿ ಎಲ್ಲರೂ ಒಂದೇ ನೋಟ್ಸಿನ ಸಾಲುಗಳಾಗಿ ನಿಲ್ಲುತ್ತಾರೆ. ಅವರು ಯಾವ ದೇಶದಲ್ಲಿ, ಯಾರ ಹಣದಿಂದ, ಯಾರ ನಡುವೆ ಕೂತು ಬರೆದರು ಎಂಬುದು ಮರೆಯಾಗುತ್ತದೆ. ಹೊರದೇಶದಲ್ಲಿ ಮಾನವಶಾಸ್ತ್ರ ಓದಬೇಕೆಂದು ಹೊರಟ ವಿದ್ಯಾರ್ಥಿಗೆ ಮೊದಲು ಗೊತ್ತಿರಬೇಕಾದದ್ದು ಅದೇ. ಒಂದು ದೇಶ ಯಾರನ್ನು ಆಳಿತು, ಅಥವಾ ಯಾರ ಆಳ್ವಿಕೆಗೆ ಸಿಕ್ಕಿತು ಎಂಬುದು ಆ ದೇಶದ ಮಾನವಶಾಸ್ತ್ರ ವಿಭಾಗದ ಪಠ್ಯದಲ್ಲಿ ಇಂದಿಗೂ ಅಚ್ಚೊತ್ತಿದೆ.

ಅಮೆರಿಕದ ವಿಭಾಗಗಳನ್ನು ನೋಡಿ. ಅಲ್ಲಿ ಈ ವಿದ್ಯೆಯನ್ನು ಕಟ್ಟಿದವರು ಜರ್ಮನಿಯಲ್ಲಿ ಹುಟ್ಟಿದ ಫ್ರಾಂಜ್ ಬೋವಾಸ್. 1881ರಲ್ಲಿ ಕೀಲ್ ವಿಶ್ವವಿದ್ಯಾಲಯದಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಅವರು 1883ರಲ್ಲಿ ಆರ್ಕ್‌ಟಿಕ್‌ನ ಬ್ಯಾಫಿನ್ ದ್ವೀಪಕ್ಕೆ ಹೋಗಿ, ಇನುಯಿಟ್ ಜನರೊಂದಿಗೆ ಒಂದು ಚಳಿಗಾಲ ಕಳೆದು, ಬೇರೆಯೇ ದಾರಿ ಹಿಡಿದರು. ಕೊನೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ನೆಲೆನಿಂತರು. ಅಮೆರಿಕದ ಮೂಲನಿವಾಸಿಗಳು ಅದೇ ನೆಲದವರು. ಅವರ ಭಾಷೆಗಳು ಅಳಿಯುತ್ತಿದ್ದವು, ಪೂರ್ವಜರ ಎಲುಬು ಮತ್ತು ಮಡಕೆಚೂರು ಮಣ್ಣಿನಡಿ ಇದ್ದವು, ಆಚಾರಗಳು ಮುದುಕರ ನೆನಪಿನಲ್ಲಿ ಉಳಿದಿದ್ದವು. ಹಾಗಾಗಿ ಭಾಷೆ, ದೇಹ, ಪುರಾತತ್ವ, ಸಂಸ್ಕೃತಿ ಎಂಬ ನಾಲ್ಕು ಕವಲುಗಳೂ ಒಂದೇ ವಿಭಾಗದ ಸೂರಿನಡಿ ಬಂದವು. ಕ್ರೋಬರ್, ಸಪೀರ್, ರೂತ್ ಬೆನೆಡಿಕ್ಟ್, ಮಾರ್ಗರೆಟ್ ಮೀಡ್, ಆಫ್ರಿಕನ್ ಅಮೆರಿಕನ್ ಲೇಖಕಿ ಜೋರಾ ನೀಲ್ ಹರ್‌ಸ್ಟನ್ ಎಲ್ಲರೂ ಬೋವಾಸರ ಗರಡಿಯಲ್ಲಿ ಪಳಗಿದವರು.

ಈ ನಾಲ್ಕು ಕವಲಿನ ಸಂಸಾರ ಸುಗಮವಾಗಿ ನಡೆದಿಲ್ಲ. ಸ್ಟ್ಯಾನ್‌ಫರ್ಡ್‌ನಲ್ಲಿ 1998ರಲ್ಲಿ ವಿಭಾಗ ಎರಡು ಹೋಳಾಗಿ 2007ರಲ್ಲಿ ಮತ್ತೆ ಒಂದಾಯಿತು. ಆದರೂ ಅಮೆರಿಕದಲ್ಲಿ ಪದವಿಗೆ ಸೇರಿದ ವಿದ್ಯಾರ್ಥಿ ಒಂದೇ ವರ್ಷದಲ್ಲಿ ಚಿಂಪಾಂಜಿಯ ಹಲ್ಲು, ಮಾಯಾ ನಾಗರಿಕತೆಯ ಅವಶೇಷ, ಶಿಕಾಗೊ ನಗರದ ಬಡಾವಣೆ ಎಲ್ಲವನ್ನೂ ಓದುವ ಸಾಧ್ಯತೆ ಇದೆ. ಅಲ್ಲಿ ಪಿಎಚ್.ಡಿ. ಎಂದರೆ ಆರೇಳು ವರ್ಷಕ್ಕಿಂತ ಕಡಿಮೆಯಾಗುವುದು ಅಪರೂಪ. ಮೊದಲ ಎರಡು ಮೂರು ವರ್ಷ ತರಗತಿ ಮತ್ತು ಅರ್ಹತಾ ಪರೀಕ್ಷೆ, ಆಮೇಲೆ ಒಂದೂವರೆ ವರ್ಷದವರೆಗೆ ಕ್ಷೇತ್ರಕಾರ್ಯ, ಆಮೇಲೆ ಬರವಣಿಗೆ. ಕ್ಷೇತ್ರದ ಭಾಷೆ ಬಾರದೆ ಮುಂದೆ ಹೋಗಲು ಬಿಡುವುದಿಲ್ಲ. ಕನ್ನಡ ನಾಡಿನ ಮೇಲೆ ಸಂಶೋಧನೆ ಮಾಡಬಯಸುವ ಅಮೆರಿಕದ ವಿದ್ಯಾರ್ಥಿಗಳು ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್‌ನ ಕೋರ್ಸಿಗೆ ಸೇರಿ ಮೈಸೂರಿನಲ್ಲಿ ಕೂತು ಕನ್ನಡ ಕಲಿಯುತ್ತಾರೆ. ಈ ಶಿಸ್ತಿನ ಬಗ್ಗೆ ನನಗೆ ಅಪಾರ ಗೌರವವಿದೆ. ಸೋಲಿಗರ ಅಥವಾ ಕೊರಗರ ಬಗ್ಗೆ ಪ್ರಬಂಧ ಬರೆಯುವ ನಮ್ಮವರಲ್ಲಿ ಎಷ್ಟು ಜನ ಅವರ ನುಡಿ ಕಲಿತು ಹೋಗುತ್ತಾರೆ?

ಬ್ರಿಟನ್ನಿನ ಕಥೆಯೇ ಬೇರೆ. ಎಡ್ವರ್ಡ್ ಟೈಲರ್ 1884ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಪಾಠ ಆರಂಭಿಸಿದರು. ಆದರೆ ಅವರು ವಾಚನಾಲಯದಲ್ಲಿ ಕೂತು, ಮಿಷನರಿಗಳೂ ಪ್ರವಾಸಿಗಳೂ ಬರೆದದ್ದನ್ನು ಓದಿ ಬರೆದವರು. 1898ರಲ್ಲಿ ಕೇಂಬ್ರಿಡ್ಜ್‌ನಿಂದ ಟಾರೆಸ್ ಜಲಸಂಧಿಗೆ ಹೋದ ತಂಡ ಆ ಪದ್ಧತಿ ಮುರಿಯಿತು. ಆ ತಂಡದಲ್ಲಿದ್ದ ವೈದ್ಯ ಡಬ್ಲ್ಯು.ಎಚ್.ಆರ್. ರಿವರ್ಸ್ ಮುಂದೆ ನೀಲಗಿರಿಯ ತೋಡರ ನಡುವೆ ಕೆಲಸ ಮಾಡಿ 1906ರಲ್ಲಿ ಗ್ರಂಥ ತಂದರು. ಅವರು ರೂಢಿಗೆ ತಂದ ವಂಶಾವಳಿ ಪದ್ಧತಿ ಇಂದಿಗೂ ಮೊದಲ ವರ್ಷದ ಪಾಠ. ತ್ರಿಕೋನ ಎಂದರೆ ಗಂಡು, ವೃತ್ತ ಎಂದರೆ ಹೆಣ್ಣು, ಸಮಚಿಹ್ನೆ ಎಂದರೆ ಮದುವೆ. ಧಾರವಾಡದ ವಿದ್ಯಾರ್ಥಿಯೂ ಕೇಂಬ್ರಿಡ್ಜಿನ ವಿದ್ಯಾರ್ಥಿಯೂ ಇದನ್ನೇ ಬಿಡಿಸುತ್ತಾರೆ. ತಲೆಮಾರಿಗೊಂದು ಅಡ್ಡಸಾಲು ಹಾಕಿಕೊಂಡು ಹೊರಟ ಚಿತ್ರ ಕರ್ನಾಟಕದ ಒಂದು ಮನೆಗೆ ಬಂದೊಡನೆ ಗೋಜಲಾಗುತ್ತದೆ. ಅಕ್ಕನ ಮಗಳನ್ನು ತಂದುಕೊಂಡ ಸೋದರಮಾವನನ್ನು ಯಾವ ಸಾಲಿನಲ್ಲಿ ಬರೆಯುವುದು? ಸಮಚಿಹ್ನೆ ಮೇಲಿನ ಸಾಲಿನಿಂದ ಕೆಳಸಾಲಿಗೆ ಓರೆಯಾಗಿ ಇಳಿಯುತ್ತದೆ. ಇಂಗ್ಲಿಷ್ ಮನೆಯ ವಂಶವೃಕ್ಷಕ್ಕೆ ಇಂಥ ಓರೆಗೆರೆ ಬೇಕಾಗುವುದಿಲ್ಲ. ಒಂದು ಸಮಾಜದ ನಿಯಮ ಇನ್ನೊಂದು ಸಮಾಜದ ಕಾಗದದ ಮೇಲೆ ಹಿಡಿಸದೆ ಹೋಗುವ ಇಂಥ ಕ್ಷಣವೇ ಮಾನವಶಾಸ್ತ್ರದ ನಿಜವಾದ ಆರಂಭ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಬ್ರೊನಿಸ್ಲಾವ್ ಮಲಿನೋವ್‌ಸ್ಕಿ ಪೋಲೆಂಡಿನ ಕ್ರಾಕೋವ್‌ನವರು. ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿ ಸಮೀಪದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಗುಡಾರ ಹಾಕಿಕೊಂಡು, ಅಲ್ಲಿನ ಭಾಷೆ ಕಲಿತು, ದೀರ್ಘಕಾಲ ಬದುಕಿದರು. 1922ರ ಅವರ ಪುಸ್ತಕದ ನಂತರ ವರ್ಷವಾದರೂ ಜನರ ನಡುವೆ ಇದ್ದು ಬಾರದವರನ್ನು ಮಾನವಶಾಸ್ತ್ರಜ್ಞರೆಂದು ಒಪ್ಪುವುದು ಕಷ್ಟವಾಯಿತು. ಬ್ರಿಟನ್ನಿಗೆ ವಸಾಹತುಗಳು ದೂರದಲ್ಲಿದ್ದವು. ಅಲ್ಲಿನ ಅಧಿಕಾರಿಗಳಿಗೆ ಬೇಕಾದದ್ದು ಮಡಕೆಚೂರಿನ ಇತಿಹಾಸವಲ್ಲ, ಈ ಜನರಲ್ಲಿ ಯಾರ ಮಾತು ನಡೆಯುತ್ತದೆ, ಜಮೀನು ಯಾರದು, ಜಗಳ ಹೇಗೆ ಬಗೆಹರಿಯುತ್ತದೆ ಎಂಬ ತಿಳಿವಳಿಕೆ. ಇವಾನ್ಸ್ ಪ್ರಿಚರ್ಡ್ ಸುಡಾನಿನ ನುಯೆರ್ ಜನರ ಅಧ್ಯಯನ ಕೈಗೊಂಡದ್ದು ಅಲ್ಲಿನ ಸರ್ಕಾರದ ಕೋರಿಕೆಯ ಮೇರೆಗೆ. ಬ್ರಿಟನ್ನಿನಲ್ಲಿ ‘ಸಾಮಾಜಿಕ ಮಾನವಶಾಸ್ತ್ರ’ ಎಂಬುದು ಎಲುಬು, ಪುರಾತತ್ವಗಳನ್ನು ಬಹುಮಟ್ಟಿಗೆ ಬದಿಗಿಟ್ಟು ಬೆಳೆದದ್ದರ ಹಿಂದೆ ಈ ಆಡಳಿತದ ಅಗತ್ಯವೂ ಇತ್ತು.

ಆದರೆ ಮಲಿನೋವ್‌ಸ್ಕಿಯವರ ತರಗತಿಯಲ್ಲಿ ಆಳಿಸಿಕೊಂಡವರೂ ಕೂತಿದ್ದರು. ಅಲ್ಲಿ ಓದಿದ ಕೆನ್ಯಾದ ಜೋಮೊ ಕೆನ್ಯಾಟಾ ತಮ್ಮದೇ ಗಿಕುಯು ಜನರ ಬಗ್ಗೆ 1938ರಲ್ಲಿ ಪುಸ್ತಕ ಪ್ರಕಟಿಸಿದರು. ಗಿಕುಯು ಭೂಮಿಯ ಒಡೆತನದ ವ್ಯವಸ್ಥೆ ಏನೆಂದು ಅದರಲ್ಲಿ ಬಿಡಿಸಿ ಬರೆದದ್ದು ಬಿಳಿಯರು ಕಸಿದ ಜಮೀನಿನ ಪ್ರಶ್ನೆಗೆ ನೇರ ಉತ್ತರವಾಗಿತ್ತು. ಮುಂದೆ ಅವರು ಸ್ವತಂತ್ರ ಕೆನ್ಯಾದ ಮೊದಲ ಅಧ್ಯಕ್ಷರಾದರು. ಚೀನಾದ ಫೈ ಷಿಯಾವೊತೊಂಗ್ ಯಾಂಗ್‌ತ್ಸೆ ಬಯಲಿನ ಒಂದು ಹಳ್ಳಿಯ ರೇಷ್ಮೆ ಮತ್ತು ಸಾಲದ ಕಥೆ ಬರೆದು 1938ರಲ್ಲಿ ಲಂಡನ್ನಿನಲ್ಲೇ ಡಾಕ್ಟರೇಟ್ ಪಡೆದರು. ಎರಡೂ ಪುಸ್ತಕಗಳಿಗೆ ಮುನ್ನುಡಿ ಬರೆದವರು ಮಲಿನೋವ್‌ಸ್ಕಿ. ಕೊಡವರ ಕುರಿತ ಶ್ರೀನಿವಾಸರ ಪುಸ್ತಕಕ್ಕೆ ಮುನ್ನುಡಿ ಬರೆದವರು ಆಕ್ಸ್‌ಫರ್ಡ್‌ನಲ್ಲಿ ಅವರ ಗುರುವಾಗಿದ್ದ ರಾಡ್‌ಕ್ಲಿಫ್ ಬ್ರೌನ್. ತನ್ನ ಜನರ ಬಗ್ಗೆ ತಾನೇ ಬರೆದಾಗಲೂ ಐರೋಪ್ಯ ಗುರುವಿನ ಮುದ್ರೆ ಬೇಕಾಗಿದ್ದ ಕಾಲವದು. ಗುರುಗಳು ಮನಸಾರೆ ಬೆನ್ನು ತಟ್ಟಿದರು ಎಂಬುದೂ ಅಷ್ಟೇ ನಿಜ.

ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಶ್ರೀನಿವಾಸ್ ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿಯಲ್ಲಿ ಜಿ.ಎಸ್. ಘುರ್ಯೆ ಅವರ ಶಿಷ್ಯರಾಗಿ, ಆಮೇಲೆ ಆಕ್ಸ್‌ಫರ್ಡ್‌ಗೆ ಹೋದವರು. ಮುಂಬಯಿಯಲ್ಲಿದ್ದಾಗ ಸಂಗ್ರಹಿಸಿದ್ದ ಕೊಡಗಿನ ಸಾಮಗ್ರಿಯನ್ನೇ ರಾಡ್‌ಕ್ಲಿಫ್ ಬ್ರೌನರ ಸಲಹೆಯಂತೆ ಹೊಸ ಕಣ್ಣಿನಿಂದ ನೋಡಿದರು. ಅದೇ ಒಕ್ಕವೆಂಬ ಮನೆತನ, ಅದೇ ಐನ್‌ಮನೆಯೆಂಬ ಮೂಲಮನೆ, ಅದೇ ಕಾವೇರಿ ಪೂಜೆ. ಮುಂಬಯಿಯಲ್ಲಿ ಆಚಾರಗಳ ಪಟ್ಟಿಯಾಗಿದ್ದದ್ದು ಆಕ್ಸ್‌ಫರ್ಡ್‌ನಲ್ಲಿ ಒಂದಕ್ಕೊಂದು ಹೆಣೆದುಕೊಂಡ ಸಮಾಜದ ಚಿತ್ರವಾಯಿತು. ವಿಶ್ವವಿದ್ಯಾಲಯ ಬದಲಾದರೆ ಅದೇ ಟಿಪ್ಪಣಿಯಿಂದ ಬೇರೆ ಪುಸ್ತಕ ಹುಟ್ಟುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 1952ರಲ್ಲಿ ಬಂದ ಆ ಪುಸ್ತಕದಿಂದಲೇ ಕೆಳಗಿನ ಜಾತಿಗಳು ಮೇಲಿನವರ ಆಚಾರ ಅನುಸರಿಸಿ ಮೇಲೇರಲು ಯತ್ನಿಸುವ ‘ಸಂಸ್ಕೃತೀಕರಣ’ದ ಪರಿಕಲ್ಪನೆ ಎಲ್ಲೆಡೆ ಹಬ್ಬಿತು. ಮುಂದೆ ಅವರು ಬರೋಡಾ, ದೆಹಲಿಗಳಲ್ಲಿ ವಿಭಾಗ ಕಟ್ಟಿದರು. 1970ರ ಏಪ್ರಿಲ್ 24ರಂದು ಸ್ಟ್ಯಾನ್‌ಫರ್ಡ್‌ನಲ್ಲಿ ಅವರ ಕೊಠಡಿಗೆ ಬೆಂಕಿ ಬಿದ್ದು, 1948ರ ಹಳ್ಳಿಯ ಕುರಿತು ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಸುಟ್ಟವು. ಸಹೋದ್ಯೋಗಿ ಸೋಲ್ ಟ್ಯಾಕ್ಸ್ ನೆನಪಿನಿಂದಲೇ ಬರೆಯಿರಿ ಎಂದರು. ‘ದ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು. ಆ ಹಳ್ಳಿಗೆ ಅವರು ಇಟ್ಟ ಹೆಸರು ರಾಂಪುರ. ಅಷ್ಟರಲ್ಲಿ ಅವರು ಬೆಂಗಳೂರಿಗೆ ಬಂದು, ವಿ.ಕೆ.ಆರ್.ವಿ. ರಾವ್ ಅವರೊಂದಿಗೆ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆಯ ಅಧ್ಯಯನ ಸಂಸ್ಥೆಯನ್ನು ಕಟ್ಟಿದ್ದರು.

ಎಪ್‌ಸ್ಟೈನ್ ಅವರ ಮಂಡ್ಯದ ಹಳ್ಳಿಗಳ ಹತ್ತಿರ ಸ್ವಲ್ಪ ಹೊತ್ತು ನಿಲ್ಲಬೇಕು. ವಿಯೆನ್ನಾದಲ್ಲಿ ಯೆಹೂದಿ ಮನೆತನದಲ್ಲಿ ಹುಟ್ಟಿ, ನಾಜಿಗಳಿಂದ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದ ಹೆಣ್ಣುಮಗಳು ಅವರು. ಮ್ಯಾಂಚೆಸ್ಟರಿನಲ್ಲಿ ವಿಭಾಗ ಕಟ್ಟಿದ್ದ ಮ್ಯಾಕ್ಸ್ ಗ್ಲಕ್‌ಮನ್ ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದವರು. ಸಮಾಜ ಹೇಗೆ ನಿಂತಿದೆ ಎನ್ನುವುದಕ್ಕಿಂತ ಎಲ್ಲಿ ತಿಕ್ಕಾಟ ಇದೆ, ಎಲ್ಲಿ ಬದಲಾವಣೆ ನಡೆದಿದೆ ಎಂದು ಕೇಳುವುದು ಅವರ ಶಾಲೆಯ ಪದ್ಧತಿ. ಹಾಗಾಗಿಯೇ ಎಪ್‌ಸ್ಟೈನ್ ಆರಿಸಿಕೊಂಡದ್ದು ವಿಶ್ವೇಶ್ವರಯ್ಯ ನಾಲೆಯ ನೀರು ಬಂದ ಒಂದು ಹಳ್ಳಿ, ನಾಲೆಯ ಮಟ್ಟಕ್ಕಿಂತ ಎತ್ತರದಲ್ಲಿದ್ದುದರಿಂದ ನೀರು ಹತ್ತದ ಇನ್ನೊಂದು ಹಳ್ಳಿ. ಪುಸ್ತಕದಲ್ಲಿ ಅವಕ್ಕೆ ವಂಗಲ, ದಲೇನ ಎಂಬ ಹೆಸರಿಟ್ಟರು. ನೀರು ಬಂದ ಊರಿನಲ್ಲಿ ಗದ್ದೆ, ಕಬ್ಬು, ದುಡ್ಡು ಎಲ್ಲ ಬಂತು. ಆದರೆ ಒಕ್ಕಲಿಗ ರೈತರಿಗೂ ಅವರ ಮನೆಯ ವಂಶಪಾರಂಪರ್ಯದ ಆಳುಗಳಾದ ಆದಿಕರ್ನಾಟಕರಿಗೂ ಇದ್ದ ಹಳೆಯ ಕಟ್ಟುಪಾಡು ಹಾಗೇ ಉಳಿಯಿತು. ನೀರು ಬಾರದ ಊರಿನವರು ಮಂಡ್ಯದಲ್ಲಿ ಕೆಲಸ ಹಿಡಿದರು, ಹಿಟ್ಟಿನ ಗಿರಣಿ ಹಾಕಿದರು, ಗಾಡಿ ಹೊಡೆದರು, ಬೇರೆ ಊರಿನಲ್ಲಿ ನೀರಾವರಿ ಜಮೀನು ಕೊಂಡರು. ಅಲ್ಲಿ ಹಳೆಯ ಸಂಬಂಧಗಳು ಸಡಿಲಗೊಂಡವು. ಹಣ ಬಂದಲ್ಲಿ ಸಮಾಜ ಬದಲಾಗಲಿಲ್ಲ, ಹಣಕ್ಕಾಗಿ ಊರ ಗಡಿ ದಾಟಬೇಕಾದಲ್ಲಿ ಬದಲಾಯಿತು. 1962ರಲ್ಲಿ ಪ್ರಕಟವಾದ ಈ ನಿರ್ಣಯ ಅಭಿವೃದ್ಧಿಯ ಬಗ್ಗೆ ಮಾತನಾಡುವ ಎಲ್ಲರೂ ಓದಬೇಕಾದದ್ದು. 1970ರಲ್ಲಿ ಅವರು ಮತ್ತೆ ಅದೇ ಹಳ್ಳಿಗಳಿಗೆ ಬಂದು ನೋಡಿ ಇನ್ನೊಂದು ಪುಸ್ತಕ ಬರೆದರು.

ಭಾರತದಲ್ಲಿ ಈ ವಿದ್ಯೆ ಕಾಲಿಟ್ಟಾಗ ಅದರ ಕೈಯಲ್ಲಿ ತಲೆ, ಮೂಗು ಅಳೆಯುವ ಕ್ಯಾಲಿಪರ್ ಇತ್ತು. 1901ರ ಜನಗಣತಿಯ ಮುಖ್ಯಸ್ಥರಾಗಿದ್ದ ಹರ್ಬರ್ಟ್ ರಿಸ್ಲಿ ಮೂಗಿನ ಅಳತೆಯಿಂದ ಜಾತಿಯ ಮೇಲುಕೀಳು ತಿಳಿಯಬಹುದೆಂದು ನಂಬಿದ್ದರು. ಮದರಾಸಿನ ಎಡ್ಗರ್ ಥರ್‌ಸ್ಟನ್ ಅಳತೆಯ ಗೀಳಿನಲ್ಲೇ ಏಳು ಸಂಪುಟ ತಂದರು. ಮೈಸೂರು ಸಂಸ್ಥಾನದಲ್ಲಿ ಇಂಥ ಸರ್ವೇಕ್ಷಣೆಯ ಹೊಣೆ ಹೊತ್ತವರು ಎಚ್.ವಿ. ನಂಜುಂಡಯ್ಯ, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರು, ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿ. ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಆ ಕೆಲಸ ಪೂರೈಸಿದರು.

ಅದೇ ಕ್ಯಾಲಿಪರ್ ಬರ್ಲಿನ್‌ನಲ್ಲೂ ಇತ್ತು. 1928ರಲ್ಲಿ ಇರಾವತಿ ಕರ್ವೆ ಡಾಕ್ಟರೇಟ್‌ಗೆಂದು ಅಲ್ಲಿಗೆ ಹೋದಾಗ ಅವರ ಮಾರ್ಗದರ್ಶಕರಾಗಿದ್ದವರು ಯೂಜೆನ್ ಫಿಷರ್, ಮುಂದೆ ನಾಜಿ ಜನಾಂಗನೀತಿಗೆ ವಿಜ್ಞಾನದ ಹೆಸರು ಒದಗಿಸಿದ ವ್ಯಕ್ತಿ. ಐರೋಪ್ಯರ ತಲೆಬುರುಡೆಯ ಎಡಬಲದ ವ್ಯತ್ಯಾಸದಲ್ಲಿ ಅವರ ಹೆಚ್ಚಿನ ಬುದ್ಧಿಯ ಗುರುತು ಸಿಗುತ್ತದೆ ಎಂಬುದು ಅಲ್ಲಿನ ನಿರೀಕ್ಷೆ. ಕರ್ವೆ ಬುರುಡೆಗಳನ್ನು ಒಂದೊಂದಾಗಿ ಅಳೆದರು. ಅಂಥ ಜನಾಂಗಭೇದ ತಮಗೆ ಕಾಣಲಿಲ್ಲ ಎಂದು ಬರೆದರು. ಗುರುವಿನ ಮನೆಯಲ್ಲೇ ಕೂತು, ಪರದೇಶದಲ್ಲಿ, ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳು ಹಾಗೆ ಬರೆಯಲು ಎಷ್ಟು ಗಟ್ಟಿತನ ಬೇಕು! ಇತ್ತ ನ್ಯೂಯಾರ್ಕಿನಲ್ಲಿ ಬೋವಾಸ್ ಅದಕ್ಕೂ ಮೊದಲೇ ಸುಮಾರು 18 ಸಾವಿರ ವಲಸಿಗರನ್ನೂ ಅವರ ಮಕ್ಕಳನ್ನೂ ಅಳೆಸಿ, ಹೊಸ ನೆಲದಲ್ಲಿ ಹುಟ್ಟಿದ ಮಕ್ಕಳ ತಲೆಯ ಆಕಾರ ತಂದೆತಾಯಿಯರದ್ದಕ್ಕಿಂತ ಬೇರೆಯಾಗುತ್ತದೆ, ಅದು ಜನಾಂಗದ ಶಾಶ್ವತ ಗುರುತಲ್ಲ ಎಂದು ತೋರಿಸಿದ್ದರು. ಉಪಕರಣ ಒಂದೇ. ಕೇಳಿದ ಪ್ರಶ್ನೆಯೂ ಕೇಳಿದವರ ಪ್ರಾಮಾಣಿಕತೆಯೂ ಬೇರೆ ಬೇರೆ. ಕರ್ವೆ ಮರಳಿ ಬಂದು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ದಶಕಗಳ ಕಾಲ ಪಾಠ ಹೇಳಿದರು. ಭಾರತದ ಬಂಧುತ್ವ ವ್ಯವಸ್ಥೆಯ ಬಗ್ಗೆ 1953ರಲ್ಲಿ ಬರೆದ ಪುಸ್ತಕದಲ್ಲಿ ದಕ್ಷಿಣದ ಸೋದರಿಕೆ ಮದುವೆಗಳಿಗೆ ವಿಶೇಷ ಜಾಗ ಕೊಟ್ಟರು.

ಭಾರತದಲ್ಲಿ ಮೊದಲ ಮಾನವಶಾಸ್ತ್ರ ವಿಭಾಗ ತೆರೆದದ್ದು ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ, 1920ರಲ್ಲಿ. ಕ್ಯಾಲಿಪರಿನ ಪರಂಪರೆಯ ಕಾರಣಕ್ಕೆ ನಮ್ಮ ಅನೇಕ ವಿಭಾಗಗಳಲ್ಲಿ ದೇಹದ ಅಧ್ಯಯನಕ್ಕೆ ಇಂದಿಗೂ ದೊಡ್ಡ ಪಾಲು. ದೆಹಲಿಯಲ್ಲಿ ಮಾನವಶಾಸ್ತ್ರ ವಿಜ್ಞಾನ ನಿಕಾಯದಲ್ಲಿದೆ. ಬೆರಳಚ್ಚು, ರಕ್ತದ ಗುಂಪು, ಎಲುಬಿನ ಅಳತೆಗಳ ಪ್ರಯೋಗಾಲಯ ನಡೆಸಿ ವಿದ್ಯಾರ್ಥಿಯನ್ನು ಕೆಲವು ವಾರಗಳ ಮಟ್ಟಿಗೆ ಹಳ್ಳಿಗೆ ಕಳಿಸುತ್ತಾರೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲೂ ಮೈಸೂರು ವಿಶ್ವವಿದ್ಯಾಲಯದಲ್ಲೂ ವಿಭಾಗಗಳಿವೆ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣಾ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರ ಮೈಸೂರಿನಲ್ಲೇ ಇದೆ. ಕೊರತೆ ಇರುವುದು ಸಮಯದ್ದು. ಒಂದು ವರ್ಷ ಒಂದೇ ಕಡೆ ಕೂರಲು ಬೇಕಾದ ಹಣವನ್ನೂ ಬಿಡುವನ್ನೂ ನಮ್ಮ ವಿದ್ಯಾರ್ಥಿಗೆ ಕೊಡುವವರಿಲ್ಲ. ಕೊಟ್ಟರೆ ನಮ್ಮವರೂ ಅಷ್ಟೇ ಒಳ್ಳೆಯ ಪುಸ್ತಕ ಬರೆಯುತ್ತಾರೆ. ಶ್ರೀನಿವಾಸರಿಗೆ ಆಕ್ಸ್‌ಫರ್ಡ್ ಕೊಟ್ಟದ್ದು ಮುಖ್ಯವಾಗಿ ಅದನ್ನೇ: ಉಪನ್ಯಾಸಕ ಹುದ್ದೆಗೆ ತೆಗೆದುಕೊಂಡು, ಮೊದಲ ವರ್ಷ ಪಾಠ ಬೇಡ, ಹಳ್ಳಿಗೆ ಹೋಗು ಎಂದಿತು.

ಮಾನವಶಾಸ್ತ್ರ ಎಷ್ಟು ಕೆಡಬಲ್ಲದು ಎಂಬುದನ್ನು ದಕ್ಷಿಣ ಆಫ್ರಿಕಾದಲ್ಲಿ ನೋಡಬೇಕು. ಅಲ್ಲಿ ಎರಡು ಮಾನವಶಾಸ್ತ್ರಗಳಿದ್ದವು. ಇಂಗ್ಲಿಷ್ ಮಾಧ್ಯಮದ ಕೇಪ್‌ಟೌನ್, ವಿಟ್ವಾಟರ್ಸ್‌ರ್ಯಾಂಡ್ ವಿಶ್ವವಿದ್ಯಾಲಯಗಳಲ್ಲಿ ಬ್ರಿಟಿಷ್ ಮಾದರಿಯದು. ಆಫ್ರಿಕಾನ್ಸ್ ಮಾಧ್ಯಮದ ಸ್ಟೆಲೆನ್‌ಬಾಷ್, ಪ್ರಿಟೋರಿಯಾಗಳಲ್ಲಿ ‘ಫೋಲ್ಕೆಕುಂಡ’ ಎಂಬ ಇನ್ನೊಂದು. ಪ್ರತಿ ಜನಾಂಗಕ್ಕೂ ಅದರದೇ ಬದಲಾಗದ ಸಂಸ್ಕೃತಿ ಇದೆ, ಅವನ್ನು ಬೇರೆ ಬೇರೆ ಇಡುವುದೇ ಸರಿ ಎಂದು ಎರಡನೆಯದು ಕಲಿಸಿತು. ಸ್ಟೆಲೆನ್‌ಬಾಷ್‌ನಲ್ಲಿ ಅದರ ಪ್ರಾಧ್ಯಾಪಕರಾಗಿದ್ದ ಐಸೆಲೆನ್ ಅವರ ಅಧ್ಯಕ್ಷತೆಯ ಆಯೋಗದ ವರದಿಯೇ 1953ರ ಬಂಟು ಶಿಕ್ಷಣ ಕಾಯ್ದೆಗೆ ದಾರಿ ಮಾಡಿತು. ಕಪ್ಪು ಮಕ್ಕಳಿಗೆ ಕಡಿಮೆ ದರ್ಜೆಯ ಶಾಲೆ ಎಂಬ ಕ್ರೌರ್ಯಕ್ಕೆ ವಿದ್ಯೆಯ ಮಾತು ಜೋಡಿಸಿದ್ದು ಮಾನವಶಾಸ್ತ್ರ. ಉದಾರವಾದಿ ಎನಿಸಿಕೊಂಡ ಕೇಪ್‌ಟೌನ್ ಕೂಡ 1968ರಲ್ಲಿ ಎಡವಿತು. ಆರ್ಚಿ ಮಫೇಜೆ ಎಂಬ ಕಪ್ಪು ವಿದ್ವಾಂಸರನ್ನು ಸಾಮಾಜಿಕ ಮಾನವಶಾಸ್ತ್ರದ ಹಿರಿಯ ಉಪನ್ಯಾಸಕರಾಗಿ ಆರಿಸಿ, ಸರ್ಕಾರ ಕಣ್ಣು ಕೆಂಪಗೆ ಮಾಡಿದಾಗ ನೇಮಕ ಹಿಂತೆಗೆದುಕೊಂಡಿತು. ನೂರಾರು ವಿದ್ಯಾರ್ಥಿಗಳು ಆಡಳಿತ ಕಟ್ಟಡದಲ್ಲಿ ಧರಣಿ ಕೂತರೂ ತೀರ್ಮಾನ ಬದಲಾಗಲಿಲ್ಲ. ಮಫೇಜೆ ಬಾಳಿನ ಬಹುಭಾಗ ಹೊರದೇಶಗಳಲ್ಲಿ ಕಳೆದು 2007ರಲ್ಲಿ ತೀರಿಕೊಂಡರು. 2008ರಲ್ಲಿ ವಿಶ್ವವಿದ್ಯಾಲಯ ಅವರ ಕುಟುಂಬದ ಕ್ಷಮೆ ಕೇಳಿತು.

ಚೀನಾದಲ್ಲಿ ವಿಷಯವನ್ನೇ ಅಳಿಸಲಾಯಿತು. 1952ರಲ್ಲಿ ವಿಶ್ವವಿದ್ಯಾಲಯಗಳ ಮರುಸಂಘಟನೆಯ ಹೆಸರಿನಲ್ಲಿ ಸಮಾಜಶಾಸ್ತ್ರ ರದ್ದಾಯಿತು, ಮಾನವಶಾಸ್ತ್ರಜ್ಞರ ಕೆಲಸ ಅಲ್ಪಸಂಖ್ಯಾತ ಬುಡಕಟ್ಟುಗಳ ಸರ್ವೇಕ್ಷಣೆಗೆ ಸೀಮಿತವಾಯಿತು. 1957ರಲ್ಲಿ ಫೈ ಷಿಯಾವೊತೊಂಗ್ ‘ಬಲಪಂಥೀಯ’ ಎಂಬ ಹಣೆಪಟ್ಟಿ ಹೊತ್ತರು. 1979ರಲ್ಲಿ ಸಮಾಜಶಾಸ್ತ್ರಕ್ಕೆ ಮತ್ತೆ ಬಾಗಿಲು ತೆರೆದಾಗ ಅದನ್ನು ಕಟ್ಟುವ ಹೊಣೆ ಬಂದದ್ದು ಎಪ್ಪತ್ತರ ಹೊಸ್ತಿಲಲ್ಲಿದ್ದ ಅವರದೇ ಹೆಗಲಿಗೆ.

ಬ್ರೆಜಿಲ್‌ನಲ್ಲಿ ಮಾನವಶಾಸ್ತ್ರ ನ್ಯಾಯಾಲಯದ ಮೆಟ್ಟಿಲು ಹತ್ತಿದೆ. ಫ್ರಾನ್ಸಿನ ಯುವ ವಿದ್ವಾಂಸ ಲೆವಿ ಸ್ಟ್ರಾಸ್ 1935ರಲ್ಲಿ ಪಾಠ ಹೇಳಲು ಬಂದದ್ದು ಆಗಷ್ಟೇ ಹುಟ್ಟಿದ್ದ ಸಾವೊ ಪಾಲೊ ವಿಶ್ವವಿದ್ಯಾಲಯಕ್ಕೆ. ಇಂದು ಅಲ್ಲಿನ ವಿಭಾಗಗಳ ಹೆಗ್ಗಳಿಕೆ ಬೇರೆ. 1988ರ ಸಂವಿಧಾನ ಮೂಲನಿವಾಸಿಗಳಿಗೆ ಅವರ ಪಾರಂಪರಿಕ ನೆಲದ ಹಕ್ಕು ಒಪ್ಪಿಕೊಂಡಿತು. ಆ ನೆಲದ ಗಡಿ ಗುರುತಿಸಬೇಕಾದರೆ ಮಾನವಶಾಸ್ತ್ರಜ್ಞರೊಬ್ಬರ ನೇತೃತ್ವದ ಅಧ್ಯಯನ ಬೇಕೆಂದು 1996ರ ಆದೇಶ ಹೇಳುತ್ತದೆ. ಎಲ್ಲಿ ಬೇಟೆ, ಎಲ್ಲಿ ಸಮಾಧಿ, ಯಾವ ಹೊಳೆಯ ತನಕ ಯಾರ ಓಡಾಟ ಎಂದು ಬರೆದ ವರದಿ ಅಲ್ಲಿ ಜನರ ಬದುಕಿನ ದಾಖಲೆ. ನಮ್ಮ ಬಿಳಿಗಿರಿರಂಗನ ಬೆಟ್ಟದಲ್ಲೂ ಇದೇ ನಡೆಯಿತು. ಸೋಲಿಗರ ಪವಿತ್ರ ತಾಣಗಳನ್ನು ಅವರ ಜೊತೆಗೇ ನಡೆದು ನಕ್ಷೆಗೆ ಇಳಿಸಿದ ಕೆಲಸ ಹಕ್ಕಿನ ಹೋರಾಟಕ್ಕೆ ಬಲ ತಂದು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶದೊಳಗೇ ಅವರಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಬ್ರೆಜಿಲ್‌ನ ನಷ್ಟವೂ ದೊಡ್ಡದು. 2018ರ ಸೆಪ್ಟೆಂಬರ್ 2ರ ರಾತ್ರಿ ರಿಯೊ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಉರಿದುಹೋಯಿತು. ಮಾತಾಡುವವರೇ ಉಳಿಯದ ಭಾಷೆಗಳ ಧ್ವನಿಮುದ್ರಣಗಳೂ ಮಾನವಶಾಸ್ತ್ರದ ಗ್ರಂಥಾಲಯವೂ ಅದರೊಂದಿಗೆ ಹೋದವು.

ಜಪಾನಿನಲ್ಲಿ ಮಂಗನಿಂದ ಮನುಷ್ಯನವರೆಗೆ ಒಂದೇ ಓದು. ಕ್ಯೋಟೊದ ಕಿಂಜಿ ಇಮಾನಿಶಿ 1948ರಿಂದ ಕೋತಿಗಳಿಗೆ ಒಂದೊಂದಕ್ಕೂ ಹೆಸರಿಟ್ಟು ಗಮನಿಸುವ ಪದ್ಧತಿ ಬೆಳೆಸಿದರು. ಕೊಶಿಮಾ ದ್ವೀಪದ ಒಂದು ಎಳೆಯ ಹೆಣ್ಣುಕೋತಿ ಗೆಣಸನ್ನು ನೀರಲ್ಲಿ ತೊಳೆದು ತಿಂದದ್ದು 1953ರಲ್ಲಿ ಅವರ ಬಳಗಕ್ಕೆ ಕಂಡಿತು; ಅದನ್ನು ನೋಡಿ ಉಳಿದವು ಕ್ರಮೇಣ ಕಲಿತವು. ಟೋಕಿಯೊದ ಚಿಯೆ ನಕಾನೆ ಅಸ್ಸಾಮಿನಲ್ಲೂ ಕೇರಳದಲ್ಲೂ ಕ್ಷೇತ್ರಕಾರ್ಯ ಮಾಡಿ ಹೋದ ಮೇಲೆ ತಮ್ಮದೇ ಜಪಾನನ್ನು ಹೊಸದಾಗಿ ನೋಡಿ ಪುಸ್ತಕ ಬರೆದರು. ಪರರನ್ನು ಓದಿ ಬಂದ ಕಣ್ಣಿಗೆ ತನ್ನವರು ಬೇರೆಯಾಗಿ ಕಾಣುತ್ತಾರೆ. ಈ ಭಾಗ್ಯ ನಮ್ಮವರಿಗೆ ಸಿಕ್ಕಿದ್ದು ವಿರಳ. ಶಿಕಾಗೊದಲ್ಲಿ ಓದಿ ನ್ಯೂ ಮೆಕ್ಸಿಕೊದ ಜುನಿ ಬುಡಕಟ್ಟಿನ ನಡುವೆ ಕೆಲಸ ಮಾಡಿದ ತ್ರಿಲೋಕಿನಾಥ್ ಪಾಂಡೆ ಅವರಂಥವರು ಬೆರಳೆಣಿಕೆಯಷ್ಟು. ಉಳಿದ ಬಹುಪಾಲು ಭಾರತೀಯರು ಹೊರದೇಶಕ್ಕೆ ಹೋಗಿ ಭಾರತದ ಮೇಲೆಯೇ ಪ್ರಬಂಧ ಬರೆಯುತ್ತಾರೆ.

ಭಾರತದ ಮೇಲೆ ಬರೆಯುವ ಹಕ್ಕೂ ಎಲ್ಲರಿಗೂ ಸಮವಾಗಿ ಉಳಿದಿಲ್ಲ. 1916ರ ಮೇ 9ರಂದು ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ, ಬೋವಾಸರ ಶಿಷ್ಯ ಅಲೆಕ್ಸಾಂಡರ್ ಗೋಲ್ಡನ್‌ವೈಸರ್ ನಡೆಸುತ್ತಿದ್ದ ಮಾನವಶಾಸ್ತ್ರದ ವಿಚಾರಗೋಷ್ಠಿಯಲ್ಲಿ, ಇಪ್ಪತ್ತೈದು ವರ್ಷದ ಭೀಮರಾವ್ ಅಂಬೇಡ್ಕರ್ ಭಾರತದ ಜಾತಿಗಳ ಹುಟ್ಟು ಮತ್ತು ಬೆಳವಣಿಗೆಯ ಬಗ್ಗೆ ಪ್ರಬಂಧ ಓದಿದರು. ತನ್ನ ಗುಂಪಿನೊಳಗೇ ಮದುವೆ ಎಂಬ ನಿಯಮವೇ ಜಾತಿಯ ಜೀವಾಳ, ಅದನ್ನು ಉಳಿಸಿಕೊಳ್ಳಲು ಸತಿ, ವಿಧವೆಯ ಬಲವಂತದ ಬಾಳು, ಬಾಲ್ಯವಿವಾಹಗಳು ಬೇಕಾದವು ಎಂಬ ಅವರ ವಾದ ನೂರು ವರ್ಷ ಕಳೆದರೂ ಮಾಸಿಲ್ಲ. ಅವರ ಓದಿನ ವೆಚ್ಚ ಕೊಟ್ಟದ್ದು ಬರೋಡಾ ಸಂಸ್ಥಾನ. ಇಂದು ಪರಿಶಿಷ್ಟ ಜಾತಿ, ಅಲೆಮಾರಿ ಸಮುದಾಯ, ಭೂರಹಿತ ಕೂಲಿಕಾರರ ಮಕ್ಕಳು ಹೊರದೇಶದಲ್ಲಿ ಓದಲು ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಇದೆ. 2022ರಲ್ಲಿ ಅದರ ನಿಯಮ ತಿದ್ದಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗೆಗಿನ ವಿಷಯಗಳಿಗೆ ಈ ವೇತನ ಇಲ್ಲ ಎಂದು ಸೇರಿಸಲಾಯಿತು. ಇಂಥವುಗಳಿಗೆ ಬೇಕಾದ ಸಾಮಗ್ರಿ ಭಾರತದಲ್ಲೇ ಇದೆ ಎಂಬುದು ಕೊಟ್ಟ ಕಾರಣ. ಆ ನಿಯಮದ ಪ್ರಕಾರ ಅಂಬೇಡ್ಕರ್ ಅಂದು ಓದಿದ ಪ್ರಬಂಧದ ವಿಷಯಕ್ಕೆ ಈ ಯೋಜನೆಯಲ್ಲಿ ಹಣ ಸಿಗುವುದಿಲ್ಲ. ಸ್ವಂತ ಹಣವಿದ್ದವರ ಮಕ್ಕಳು ಆಕ್ಸ್‌ಫರ್ಡ್‌ನಲ್ಲಿ ಕೂತು ಜಾತಿಯ ಬಗ್ಗೆ ಬರೆಯಬಹುದು, ಜಾತಿಯ ಪೆಟ್ಟು ತಿಂದವರ ಮಕ್ಕಳು ಬರೆಯುವಂತಿಲ್ಲ ಎಂಬಂತಾಯಿತು. ಇದು ಅನ್ಯಾಯ.

ಹೋಗಬಯಸುವವರಿಗೆ ಕೆಲವು ಮಾತು. ಬ್ರಿಟನ್ನಿನಲ್ಲಿ ಸ್ನಾತಕೋತ್ತರ ಪದವಿ ಒಂದು ವರ್ಷದ್ದು, ಶುಲ್ಕ ಬಲು ಭಾರ. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಪಿಎಚ್.ಡಿ.ಗೆ ಸೇರಿದರೆ ಸಾಮಾನ್ಯವಾಗಿ ಶುಲ್ಕ ವಿನಾಯಿತಿಯೂ ಜೀವನಭತ್ಯೆಯೂ ಸಿಗುತ್ತವೆ, ಬದಲಿಗೆ ಪಾಠ ಹೇಳಬೇಕು. ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ. ಬಾಡೆನ್ ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನಾಚೆಯವರಿಗೆ ಸೆಮಿಸ್ಟರಿಗೆ 1,500 ಯೂರೊ ಇದೆ. ನಾರ್ವೆ 2023ರಿಂದ ಯುರೋಪಿನಾಚೆಯವರಿಗೆ ಶುಲ್ಕ ಹಾಕತೊಡಗಿದೆ. ಪಿಎಚ್.ಡಿ. ಕ್ಷೇತ್ರಕಾರ್ಯಕ್ಕೆ ನ್ಯೂಯಾರ್ಕಿನ ವೆನ್ನರ್ ಗ್ರೆನ್ ಪ್ರತಿಷ್ಠಾನ ಯಾವ ದೇಶದ ವಿದ್ಯಾರ್ಥಿಗಾದರೂ ಅನುದಾನ ಕೊಡುತ್ತದೆ. ಆದರೆ ವಿಶ್ವವಿದ್ಯಾಲಯ ಆರಿಸುವಾಗ ರ‍್ಯಾಂಕ್ ಪಟ್ಟಿ ಬದಿಗಿಡಿ. ಅಲ್ಲಿನ ಅಧ್ಯಾಪಕರು ಎಲ್ಲಿ, ಎಷ್ಟು ಕಾಲ, ಯಾವ ಭಾಷೆಯಲ್ಲಿ ಕ್ಷೇತ್ರಕಾರ್ಯ ಮಾಡಿದ್ದಾರೆ ಎಂದು ನೋಡಿ. ಅವರು ಬರೆದ ಒಂದು ಪುಸ್ತಕವನ್ನಾದರೂ ಪೂರ್ತಿ ಓದಿ. ಎಪ್‌ಸ್ಟೈನ್, ಶ್ರೀನಿವಾಸ್, ಕರ್ವೆಯವರನ್ನು ಓದಿಕೊಂಡೇ ಹೊರಡಿ. ನಿಮ್ಮ ತಾತನ ಊರಿನ ಬಗ್ಗೆ ಅಲ್ಲಿನವರು ನಿಮಗಿಂತ ಹೆಚ್ಚು ಓದಿರುವ ಸಾಧ್ಯತೆ ಇದೆ.

ಕೇಂದ್ರ ಸರ್ಕಾರ 2022ರ ಆ ಷರತ್ತನ್ನು ಕೈಬಿಡಬೇಕು. ಅಲ್ಲಿಯವರೆಗೆ ಕಾಯದೆ ಕರ್ನಾಟಕ ಸರ್ಕಾರ ಪ್ರತಿ ವರ್ಷ ಕೆಲವರಿಗಾದರೂ ಪೂರ್ಣ ಒಂದು ವರ್ಷದ ಕ್ಷೇತ್ರಕಾರ್ಯದ ವೇತನ ಕೊಡಬೇಕು. ಅದರಲ್ಲಿ ಒಂದು ಪಾಲು ಜಪಾನಿನ ಹಳ್ಳಿಗೋ ಜರ್ಮನಿಯ ಪಟ್ಟಣಕ್ಕೋ ಹೋಗಿ ಅಲ್ಲಿನ ಜನರ ಬಗ್ಗೆ ಕನ್ನಡದಲ್ಲಿ ಬರೆಯುವವರಿಗೆ ಮೀಸಲಿರಲಿ.